ಅಪಾರ ಬಂಧು ಬಳಗ

ಅವರ ಎಡಗೈ ತೋರುಬೆರಳಿನ ಮೇಲೆ ಆಳವಾದ ಒಂದು ಗೀರು ಇತ್ತು. ಗಾಯದ ಗುರುತಲ್ಲ. ಹತ್ತಾರು ವರ್ಷ ಅದರ ಮೇಲಿಂದ ನೂಲು ಓಡಿ ಬಿದ್ದ ಜಾಡು. ಬನಹಟ್ಟಿಯ ನಮ್ಮ ಓಣಿಯ ಮಗ್ಗಗಳಿಗೆ ಕಂಡಿಕಿ ಸುತ್ತಿಕೊಡುವುದು, ಅಂದರೆ ಲಾಳಿಯೊಳಗೆ ಕೂರುವ ಸಣ್ಣ ಕೊಳವೆಗೆ ರಾಟಿಯಿಂದ ನೂಲು ತುಂಬುವುದು, ಅವರ ಕೆಲಸವಾಗಿತ್ತು. ಬಲಗೈ ರಾಟಿ ತಿರುಗಿಸುತ್ತಿತ್ತು, ಎಡಗೈ ಬೆರಳು ನೂಲು ಹಿಡಿಯುತ್ತಿತ್ತು. ಕೆಲಸ ಬಿಟ್ಟ ಮೇಲೂ ಜಾಡು ಉಳಿದಿತ್ತು. ಪತ್ರಿಕೆ ಓದುವಾಗ ಅದೇ ಬೆರಳನ್ನು ಸಾಲಿನ ಕೆಳಗಿಟ್ಟು ನಿಧಾನವಾಗಿ ಎಳೆಯುತ್ತಿದ್ದರು, ನಡುವೆ ಎಲ್ಲಾದರೂ ಗಂಟಿದ್ದರೆ ಕೈಗೆ ಸಿಗಬೇಕು ಎನ್ನುವ ಹಾಗೆ.

ಓಣಿಗೆಲ್ಲ ಅವರು ಕಂಡಿಕಿ ಆಯಿ, ಅಂದರೆ ಕಂಡಿಕಿ ಅಜ್ಜಿ. ನಮ್ಮ ಮನೆಯಿಂದ ಮೂರನೆಯದು ಅವರ ಮನೆ. ಮಕ್ಕಳಿರಲಿಲ್ಲ. ನೇಕಾರರಾಗಿದ್ದ ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ನಾನು ಒಂದು ಪತ್ರಿಕೆಗೆ ಈ ಭಾಗದ ಸುದ್ದಿ ಬರೆಯುವವನು. ಸುತ್ತಲಿನ ನಾಲ್ಕು ತಾಲ್ಲೂಕಿನ ನಿಧನ ವಾರ್ತೆಗಳೂ ನನ್ನ ಪಾಲಿನವೇ. ಫೋನ್ ಬರುತ್ತದೆ. ಹೆಸರು, ವಯಸ್ಸು, ಹಿಂದೆ ಯಾರು ಯಾರು ಇದ್ದಾರೆ ಎಂದು ಕೇಳಿಕೊಂಡು ನಾಲ್ಕು ಸಾಲು ಬರೆದು ಕಳಿಸುತ್ತೇನೆ. ಕೊನೆಯ ಸಾಲಿಗೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಅದು ಎಲ್ಲರಿಗೂ ಒಂದೇ: ‘ಅಪಾರ ಬಂಧು ಬಳಗವನ್ನು ಅಗಲಿದ್ದಾರೆ.’

ಬೆಳಿಗ್ಗೆ ಎಂಟಕ್ಕೆ ಆಯಿ ನಮ್ಮ ಮನೆಯ ಕಟ್ಟೆಗೆ ಬಂದು ಕೂರುತ್ತಿದ್ದರು. ‘ತಮ್ಮಾ, ನಿನ್ನ ಪೇಪರ್ ಕೊಡು’ ಎನ್ನುತ್ತಿದ್ದರು. ಮೊದಲ ಪುಟವನ್ನು ನೋಡುತ್ತಲೇ ಇರಲಿಲ್ಲ. ನೇರವಾಗಿ ನಿಧನ ವಾರ್ತೆಯ ಅಂಕಣಕ್ಕೆ ಬೆರಳು ಇಳಿಯುತ್ತಿತ್ತು. ವಯಸ್ಸಾದವರು ಹಾಗೇ ಎಂದುಕೊಂಡಿದ್ದೆ. ಓದಿ ಮುಗಿಸಿ ಮನೆಗೆ ಹೋಗಿ, ಒಗೆದ ಸೀರೆಯುಟ್ಟು, ಕೈಚೀಲ ಹಿಡಿದು ವಾರಕ್ಕೆ ಎರಡು ಮೂರು ದಿನ ಬಸ್ ಹತ್ತುತ್ತಿದ್ದರು. ಹೆಂಗಸರಿಗೆ ಬಸ್ ಪುಕ್ಕಟೆಯಾದ ಮೇಲೆ ಓಣಿಯ ಎಷ್ಟೋ ಮಂದಿ ಗುಡಿ, ಸಂತೆ ಎಂದು ಓಡಾಡುತ್ತಿದ್ದರು. ಇವರೂ ಹಾಗೇ ಎಂದು ಎಲ್ಲರೂ ತಿಳಿದಿದ್ದೆವು. ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಟ್ಟಿ ನೂಲಿನಲ್ಲಿ ಪೋಣಿಸಿ, ಕೊರಳಿಗೆ ಕಟ್ಟಿಕೊಂಡಿದ್ದರು.

ಮುಧೋಳದ ಬಸ್ಸಿನ ಕಂಡಕ್ಟರ್ ಒಬ್ಬನಿಗೆ ಅವರನ್ನು ಕಾಡಿಸುವುದೆಂದರೆ ಇಷ್ಟ.

‘ಆಯಿ, ಇವತ್ತ ಯಾವ ಊರ ಬೀಗರು?’

‘ನಿಮ್ಮತ್ತಿ ಊರಿಗೆ ಹೊಂಟೇನಿ. ನಿನ್ನ ಹಣೇಬರಾ ಹೇಳಿ ಬರ್ತೇನಿ, ತಡಿ ಲೇ.’

‘ಹೇಳಬ್ಯಾಡ್ರಿ ಆಯಿ, ಮೊದಲ ಅವರು ಮಗಳನ್ನ ಕಳ್ಸವಲ್ಲರು.’

ಬಸ್ಸಿಗೆ ಬಸ್ಸೇ ನಗುತ್ತಿತ್ತು. ನಾನೂ ಒಮ್ಮೆ ಆ ಬಸ್ಸಿನಲ್ಲಿದ್ದೆ. ಎಲ್ಲಿಗೆ ಎಂದು ಕೇಳಿದ್ದಕ್ಕೆ ‘ಸುಮ್ನ ಅಡ್ಡಾಡಿ ಬರ್ತೇನಿ’ ಎಂದಿದ್ದರು.

ಎರಡು ವರ್ಷದ ಹಿಂದೆ ಲೋಕಾಪುರದಲ್ಲಿ ನನಗೆ ಪರಿಚಯವಿದ್ದ ಕಿರಾಣಿ ಅಂಗಡಿಯವರೊಬ್ಬರು ತೀರಿಕೊಂಡರು. ಸುದ್ದಿಯನ್ನು ನಾನೇ ಬರೆದೆ. ಮಣ್ಣಿಗೆ, ಅಂದರೆ ಅಂತ್ಯಕ್ರಿಯೆಗೆ, ಹೋಗಲಾಗಲಿಲ್ಲ. ಮರುದಿನ ಮಧ್ಯಾಹ್ನ ಹೋದೆ. ಅಂಗಳದಲ್ಲಿ ಮೃತರ ಅಣ್ಣ ಒಬ್ಬರೇ ಕುಳಿತಿದ್ದರು. ಒಳಗಿಂದ ಒಬ್ಬ ಹೆಂಗಸಿನ ಅಳು ಕೇಳುತ್ತಿತ್ತು. ಕಾಲು ತೊಳೆಯಲು ಹಿತ್ತಲಿಗೆ ಹೋದವನು ನಿಂತಲ್ಲೇ ನಿಂತೆ.

ಕಂಡಿಕಿ ಆಯಿ ಸೀರೆ ಮೇಲಕ್ಕೆ ಸಿಕ್ಕಿಸಿ, ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಪಾತ್ರೆ ಬೆಳಗುತ್ತಿದ್ದರು.

ನನ್ನನ್ನು ನೋಡಿ ಅವರು ಬೆಚ್ಚಲಿಲ್ಲ. ತಮ್ಮದೇ ಮನೆಯೇನೋ ಎಂಬಂತೆ ಹೇಳಿದರು: ‘ಬಾ ತಮ್ಮಾ. ಅಕ್ಕ ಒಳಗ ಕುಂತಾಳ, ಮಾತಾಡ್ಸಿ ಬಾ. ಈಗಷ್ಟ ಎರಡು ಗುಟುಕು ಚಾ ಕುಡದಾಳ.’

ಹೊರಗೆ ಬಂದಾಗ ಮೃತರ ಅಣ್ಣ ನನ್ನನ್ನು ಕೇಳಿದರು: ‘ಆ ಆಯಿ ನಿಮ್ಮ ಊರಾಕಿ ಅಂತಲ್ರಿ. ನಮ್ಮ ತಮ್ಮನ ಹೆಂಡತಿಗೆ ಏನಾಗಬೇಕ್ರಿ?’ ಒಳಗೆ ಆ ಹೆಂಡತಿ ಆಗಲೇ ನನಗೆ ಹೇಳಿದ್ದರು: ‘ಇವರ ಕಡೆ ಹಿರ್‍ಯಾರು ಒಬ್ಬರು ಬಂದಾರ್ರಿ. ಬಾಳ ಮಾಡಿದ್ರು.’

ನನಗೆ ಮೊದಲು ಬಂದ ಅನುಮಾನವನ್ನೂ ಇಲ್ಲಿ ಬರೆಯಬೇಕು. ಸಾವಿನ ಮನೆಯಲ್ಲಿ ಕಪಾಟು ತೆರೆದಿರುತ್ತದೆ, ಯಾರಿಗೂ ಯಾವುದರ ಮೇಲೂ ಗಮನವಿರುವುದಿಲ್ಲ. ವಾಪಸು ಹೊರಟಾಗ ‘ನಾ ಹಿಡೀತೇನಿ ಕೊಡ್ರಿ’ ಎಂದು ಅವರ ಕೈಚೀಲ ತೆಗೆದುಕೊಂಡೆ. ಹಗುರವಾಗಿತ್ತು. ಬಾಯಿ ಸ್ವಲ್ಪ ಅಗಲಿಸಿ ನೋಡಿದೆ. ಚಹಾಪುಡಿಯ ಡಬ್ಬಿ, ಅರ್ಧ ಖಾಲಿಯಾದ ಸಕ್ಕರೆ ಪೊಟ್ಟಣ, ಪಾತ್ರೆ ತೊಳೆಯುವ ಸಾಬೂನು. ಅಷ್ಟೇ.

ಮುಧೋಳದ ಮೇಲೆ ಬರುವ ಬಸ್ಸಿನಲ್ಲಿ ಪಕ್ಕದಲ್ಲೇ ಕುಳಿತೆ.

‘ಆಯಿ, ತೀರಿಕೊಂಡವರು ನಿಮಗ ಏನಾಗಬೇಕ್ರಿ?’

‘ಏನೂ ಆಗಬೇಕಿಲ್ಲ.’

‘ಅವರ ಹೆಂಡತಿ?’

‘ಅಕಿನ್ನ ಇವತ್ತ ನೋಡಿದೆ.’

‘ಹಂಗಾದ್ರ ಯಾಕ ಹೋಗಿದ್ರಿ?’

‘ನೀನ ಬರದಿದ್ದೆಲ್ಲೋ, ಪತ್ನಿ ಇದ್ದಾರೆ ಅಂತ. ಮಗ ಇದ್ದಾನ ಅಂತ ಬರೀಲಿಲ್ಲ, ಮಗಳ ಇದ್ದಾಳ ಅಂತ ಬರೀಲಿಲ್ಲ. ಪಟ್ಟಿ ಸಣ್ಣದಿದ್ದಲ್ಲಿ ನಿನ್ನ ಅಪಾರ ದೊಡ್ಡದಿರ್ತೈತಿ. ಎಲ್ಲೈತಿ ಆ ಅಪಾರ, ನೋಡಿ ಬರೂಣು ಅಂತ ಹೋಗ್ತೇನಿ.’ ನಕ್ಕರು. ‘ಇವತ್ತ ನಾಕ ಮಂದಿ ಇದ್ರು. ನಿನ್ನ ಕೂಡಿಸಿ ಐದು.’

‘ನಿನ್ನೆ ಮಣ್ಣಿಗೆ ಬಾಳ ಮಂದಿ ಇದ್ರಂತಲ್ರಿ.’

‘ಮೊದಲನೇ ದಿನಾ ಇರ್ತಾರೋ. ಮರುದಿನಾ ಮನಿ ಖಾಲಿ. ನಾ ಮರುದಿನದಾಕಿ.’

ಯಾರೂ ನಿಮ್ಮನ್ನು ಕೇಳುವುದಿಲ್ಲವೇ ಎಂದೆ.

‘ಗಂಡನ ಕಡೆಯವ್ರು ನನ್ನ ಹೆಂಡತಿ ಕಡೆಯಾಕಿ ಅಂತಾರ. ಹೆಂಡತಿ ಕಡೆಯವ್ರು ಗಂಡನ ಕಡೆಯಾಕಿ ಅಂತಾರ. ಸಾವಿನ ಮನ್ಯಾಗ ಮುದುಕೀನ ಯಾರ ಕೇಳ್ತಾರ? ಬಾಜೂ ಮನ್ಯಾಗ ಚಾ ಕಾಸಿ ತಂದ ಕುಡಸ್ತೇನಿ. ಒಣ ಗಂಟಲಲೆ ಅಳಬಾರದು ತಮ್ಮಾ, ನೋವ ಆಕ್ಕತಿ.’

ಇದೆಲ್ಲ ಯಾಕೆ ಎಂದು ಮತ್ತೊಮ್ಮೆ ಕೇಳಿದೆ. ಕೇಳುವುದು ನನ್ನ ಕಸುಬು. ಅವರು ಕೊರಳಿನ ಪ್ಲಾಸ್ಟಿಕ್ ಚೀಲಕ್ಕೆ ಬೆರಳು ಹಾಕಿ, ಆಧಾರ್ ಕಾರ್ಡಿನ ಹಿಂದಿನಿಂದ ನಾಲ್ಕು ಮಡಿಕೆಯ ಒಂದು ಪತ್ರಿಕೆಯ ತುಂಡನ್ನು ತೆಗೆದು ನನ್ನ ತೊಡೆಯ ಮೇಲೆ ಬಿಚ್ಚಿದರು. ಅವರ ಗಂಡನ ನಿಧನ ವಾರ್ತೆ. ನಾಲ್ಕು ಸಾಲು. ‘ಮೃತರಿಗೆ ಪತ್ನಿ ಇದ್ದಾರೆ. ಅಪಾರ ಬಂಧು ಬಳಗವನ್ನು ಅಗಲಿದ್ದಾರೆ.’

ನಾನು ಬರೆದದ್ದು.

ಕೊರೊನಾದ ಎರಡನೆಯ ಅಲೆಯ ಹೊತ್ತು. ಮಗ್ಗಗಳು ನಿಂತಿದ್ದವು. ಹುಟ್ಟಿದಾಗಿನಿಂದ ಖಟಖಟ ಕೇಳಿ ಬೆಳೆದ ನಮಗೆ ಓಣಿಯ ಮೌನವೇ ಹೆದರಿಕೆ ಹುಟ್ಟಿಸುತ್ತಿತ್ತು. ಬಿಳಿ ಉಡುಪಿನ ನಾಲ್ವರು ಬಂದು ಅವರ ಗಂಡನ ಹೆಣವನ್ನು ಒಯ್ದರು. ಮನೆಯಲ್ಲಿ ನನ್ನ ತಾಯಿಗೆ ಉಸಿರಾಟದ ತೊಂದರೆ ಇತ್ತು. ನಾನು ಬಾಗಿಲು ಹಾಕಿಕೊಂಡೆ, ಕಿಟಕಿಯನ್ನೂ ಹಾಕಿದೆ. ಆಮೇಲೆ ಮೂರು ಮನೆಯಾಚೆಯ ಆ ಸಾವಿನ ಸುದ್ದಿಯನ್ನು ಒಳಗೆ ಕುಳಿತು ಬರೆದು ಕಳಿಸಿದೆ. ಅದನ್ನು ನಾನು ಪೂರ್ತಿ ಮರೆತಿದ್ದೆ. ಬಸ್ಸಿನಲ್ಲಿ ಆ ತುಂಡನ್ನು ಓದುವಾಗ ಮುಂದಿನ ಸೀಟಿನ ಕಂಬಿಯನ್ನು ಹಿಡಿದುಕೊಂಡದ್ದು ಮಾತ್ರ ನೆನಪಿದೆ.

‘ನಾ ಬಾಗಲದಾಗ ನಿಂತ ಓಣಿ ನೋಡಿದೆ’ ಎಂದರು ಆಯಿ. ದನಿಯಲ್ಲಿ ಸಿಟ್ಟಿರಲಿಲ್ಲ. ‘ಎಲ್ಲಾ ಬಾಗಲಾ ಹಾಕಿದ್ವು. ಯಾರದೂ ತಪ್ಪಲ್ಲ, ಆ ಹೊತ್ತ ಹಂಗಿತ್ತು. ಮುಂದ ಪೇಪರ್ ಬಂತು. ಅಪಾರ ಅಂತ ಬರದಿದ್ದಿ. ಮತ್ತ ಎದ್ದು ಬಾಗಲಾ ತಗದ ನೋಡಿದೆ ನೋಡು. ಖರೆ ಬಂದಾರೇನು ಅಂತ.’

ಆ ತುಂಡನ್ನು ಮತ್ತೆ ನಾಲ್ಕು ಮಡಿಕೆ ಮಾಡಿ ಕಾರ್ಡಿನ ಹಿಂದೆ ಸೇರಿಸಿದರು. ಬಸ್ಸು ಮಹಾಲಿಂಗಪುರ ದಾಟಿತು. ಆಮೇಲೆ ಅವರೇ ಹೇಳಿದರು: ‘ನಂದ ಬರಿಯೂಮುಂದ ಎಣಿಸಿ ಬರಿ. ಇಬ್ಬರಿದ್ರ ಇಬ್ಬರು ಅಂತ ಬರಿ. ಯಾರೂ ಇರದಿದ್ರ ಯಾರೂ ಇದ್ದಿಲ್ಲ ಅಂತ ಬರಿ. ಮಾತ ಕೊಡು.’

ಕೊಟ್ಟೆ.

ಅಂದಿನಿಂದ ನನ್ನ ಸುದ್ದಿಗಳಿಂದ ಆ ಸಾಲನ್ನು ಕೈಬಿಟ್ಟೆ. ಕೆಲವೊಮ್ಮೆ ಪತ್ರಿಕೆಯ ಕಚೇರಿಯಲ್ಲಿ ಯಾರಾದರೂ ಅದನ್ನು ಮತ್ತೆ ಸೇರಿಸುತ್ತಿದ್ದರು. ಆಯಿ ಕಟ್ಟೆಯ ಮೇಲೆ ಕುಳಿತು ಬೆರಳು ಎಳೆಯುತ್ತಾ ಅಲ್ಲಿ ನಿಲ್ಲಿಸುತ್ತಿದ್ದರು. ‘ಇದನ್ನ ನೀ ಹೋಗಿ ಬರದಿಯೋ, ಫೋನಿನ್ಯಾಗ ಬರದಿಯೋ?’ ಎನ್ನುತ್ತಿದ್ದರು. ನನ್ನ ಹೆಂಡತಿ ಒಳಗಿಂದ ನಗುತ್ತಿದ್ದಳು. ಬರವಣಿಗೆಯಲ್ಲಿ ನನ್ನನ್ನು ಅಷ್ಟು ಕಟ್ಟುನಿಟ್ಟಾಗಿ ಪ್ರಶ್ನಿಸಿದ ಸಂಪಾದಕರು ಯಾರೂ ಇಲ್ಲ. ಅವರ ತಿರುಗಾಟದ ಗುಟ್ಟನ್ನು ನಾನು ಓಣಿಯಲ್ಲಿ ಹೇಳಲಿಲ್ಲ. ಹೇಳಬಾರದೆಂದು ಅವರು ಕೇಳಿಕೊಂಡಿರಲೂ ಇಲ್ಲ.

ಕಳೆದ ಚಳಿಗಾಲದ ಒಂದು ದಿನ ಮಧ್ಯಾಹ್ನ ಹನ್ನೆರಡಕ್ಕೆ ಗಲಗಲಿಯಿಂದ ಫೋನ್ ಬಂತು. ಹಿಂದಿನ ದಿನ ತನ್ನ ಅಣ್ಣನ ನಿಧನದ ಸುದ್ದಿ ಕೊಟ್ಟಿದ್ದ ರೈತ.

‘ಸರ್, ನಮ್ಮ ಮನ್ಯಾಗ ಇನ್ನೊಂದ ಆಗೇತ್ರಿ.’

ಪೆನ್ನು ಎತ್ತಿಕೊಂಡೆ. ‘ಯಾರ್‍ರೀ?’

‘ಅದ ಗೊತ್ತಿಲ್ಲರಿ.’

ಮೂವತ್ತು ವರ್ಷದಲ್ಲಿ ಆ ಪ್ರಶ್ನೆಗೆ ಅಂಥ ಉತ್ತರ ನನಗೆ ಬಂದಿರಲಿಲ್ಲ. ಅವನು ತೊದಲುತ್ತಿದ್ದ. ‘ಒಬ್ಬಾಕಿ ಆಯಿ ರೀ. ಮುಂಜಾನೆ ಬಂದ್ರು. ನಮ್ಮ ಅಣ್ಣನ ಹೆಂಡತಿ, ವೈನಿ ಕಡೆಯವರು ಅಂತ ನಾವು ತಿಳದ್ವಿ, ನಮ್ಮ ಕಡೆಯವರು ಅಂತ ವೈನಿ ತಿಳದಾಳ. ಚಾ ಮಾಡಿ ವೈನಿಗೆ ಕುಡಿಸಿ, ಬಾಜೂಕ ಗ್ವಾಡಿಗೆ ಒರಗಿ ಕುಂತ್ರು. ನಿದ್ದಿ ಹತ್ತೇತಿ ಅಂತ ಬಿಟ್ವಿ. ಡಾಕ್ಟರ್ ಬಂದ ನೋಡಿದ್ರು, ಜೀವ ಹೋಗೇತ್ರಿ. ಕೊರಳಾಗ ಕಾರ್ಡ್ ಐತಿ. ನಿಮ್ಮ ಬನಹಟ್ಟಿಯವರು.’

ಹೆಸರು ಓದಿ ಹೇಳು ಎಂದೆ. ಓದಿದ. ಕಾರ್ಡಿನ ಹಿಂದೆ ಒಂದು ಪೇಪರ್ ತುಂಡೂ ಇದೆ ಎಂದ. ಅದನ್ನು ಓದುವುದು ಬೇಡ ಎಂದೆ.

ನಾನು ಗಾಡಿ ಹುಡುಕುವ ಮೊದಲೇ ಗಲಗಲಿಯವರು ಕ್ರೂಸರ್ ಗಾಡಿ ಮಾಡಿಕೊಂಡು ಆಯಿಯನ್ನು ತೆಗೆದುಕೊಂಡು ಹೊರಟಿದ್ದರು. ಮಧ್ಯಾಹ್ನ ಎರಡಕ್ಕೆ ಅದು ನಮ್ಮ ಓಣಿಯ ಬಾಯಿಗೆ ಬಂದು ನಿಂತಿತು. ಮೊದಲು ಇಳಿದದ್ದು ಗಲಗಲಿಯ ಆ ಹೆಂಗಸು, ಹಿಂದಿನ ದಿನವಷ್ಟೇ ಗಂಡನನ್ನು ಕಳೆದುಕೊಂಡವರು. ಕೈ ಬರಿದಾಗಿತ್ತು, ಹಣೆ ಬರಿದಾಗಿತ್ತು. ಫೋನಿನ ವಿಷಯ ನಾನು ಓಣಿಗೆ ಆಗಲೇ ತಿಳಿಸಿದ್ದೆ, ಅವರು ಯಾರೆಂದು ಹೆಂಗಸರಿಗೆ ಗೊತ್ತಾಯಿತು. ಮೂರು ದಿನದ ಕಾರ್ಯ ಕಳೆಯದೆ ಅಂಥವರು ಹೊಸ್ತಿಲು ದಾಟುವುದನ್ನು ನಮ್ಮ ಕಡೆ ಯಾರೂ ಕಂಡಿರಲಿಲ್ಲ.

ಮೂಲೆಮನೆಯ ಮುದುಕಿ ತಡೆಯಲಾರದೆ ಕೇಳಿಯೇಬಿಟ್ಟರು: ‘ಇನ್ನೂ ಮೂರ ದಿನಾ ಆಗಿಲ್ಲ. ನೀ ಹೆಂಗ ಹೊರಗ ಬಂದಿ ಬೇ?’

‘ಅಕಿ ನನ್ನ ಸಲುವಾಗಿ ಅಲ್ಲೀತನಕ ಬಂದಿದ್ದಳ್ರಿ’ ಎಂದರು ಆ ಹೆಂಗಸು. ‘ನನಗ ಚಾ ಕುಡಿಸಿದ ಕೈ ಅದು. ಗಾಡ್ಯಾಗ ಒಬ್ಬಾಕೀನ್ನ ಹಾಕಿ ಕಳಸ್ಲೇನ್ರಿ?’

ಆಗ ನಾನು ಓಣಿಯವರಿಗೆ ಎಲ್ಲವನ್ನೂ ಹೇಳಿದೆ: ಲೋಕಾಪುರ, ಮುಧೋಳ, ಬೀಳಗಿಯ ಮನೆಗಳು, ಚಹಾಪುಡಿ, ಮರುದಿನ. ಗಂಡನ ಸುದ್ದಿಯ ಆ ತುಂಡಿನ ಬಗ್ಗೆಯೂ ಹೇಳಿದೆ. ಮೂಲೆಮನೆಯ ಮುದುಕಿ ತಲೆ ಮೇಲೆ ಸೆರಗು ಎಳೆದುಕೊಂಡು ತಮ್ಮ ಬಾಗಿಲ ಕಡೆ ನೋಡಿದರು. ಎದುರುಮನೆಯವರು ಒಳಗೆ ಹೋಗಿ ಮಗ್ಗ ನಿಲ್ಲಿಸಿ ಬಂದರು. ಅದರ ಬೆನ್ನಿಗೆ ಪಕ್ಕದ ಮನೆಯದು, ಅದರ ಪಕ್ಕದ್ದು. ಕೊರೊನಾ ಮುಗಿದ ಮೇಲೆ ಓಣಿಯಲ್ಲಿ ಅಂಥ ಮೌನವನ್ನು ನಾನು ಕೇಳಿದ್ದು ಅಂದೇ. ಈ ಸಲ ಬಾಗಿಲುಗಳು ತೆರೆದಿದ್ದವು.

ಮಣ್ಣು ಮಾಡುವಾಗ ಒಂದು ಬದಿಗೆ ನಿಂತು ಎಣಿಸಿದೆ. ಎರಡು ಸಲ ಎಣಿಸಿದೆ. ಗಲಗಲಿಯವರು ಎಂಟು. ಓಣಿಯವರು ಹನ್ನೊಂದು. ಡ್ಯೂಟಿ ಬಿಟ್ಟು ಖಾಕಿಯಲ್ಲೇ ಬಂದಿದ್ದ ಆ ಕಂಡಕ್ಟರ್ ಒಬ್ಬ. ನಾನು ಒಬ್ಬ. ಸಂಜೆ ನಾಲ್ಕು ಸಾಲು ಬರೆದು ಕಳಿಸಿದೆ. ಕೊನೆಯ ಸಾಲು: ‘ಅಂತ್ಯಕ್ರಿಯೆಯಲ್ಲಿ ಇಪ್ಪತ್ತೊಂದು ಜನ ಇದ್ದರು.’

ಮರುದಿನ ಎಂಟಕ್ಕೆ ಕಟ್ಟೆಯ ಮೇಲೆ ಕುಳಿತು ಪತ್ರಿಕೆ ಬಿಚ್ಚಿದೆ. ನನ್ನ ಬೆರಳು ಕೊನೆಯ ಸಾಲಿಗೆ ಬಂದು ನಿಂತಿತು. ‘ಅಪಾರ ಬಂಧು ಬಳಗವನ್ನು ಅಗಲಿದ್ದಾರೆ.’

ಕಚೇರಿಗೆ ಫೋನ್ ಮಾಡಿದೆ. ಪುಟ ನೋಡಿಕೊಳ್ಳುವವರು ವಿನಯದಿಂದಲೇ ಹೇಳಿದರು: ‘ಸರ್, ನಿಧನ ವಾರ್ತೆಯಲ್ಲಿ ತಲೆ ಎಣಿಸಿ ಯಾರು ಬರೀತಾರೆ? ಎಲ್ಲರಿಗೂ ಹಾಕೋದನ್ನೇ ಹಾಕಿದೆ.’ ಅವರ ಮೇಲೆ ಸಿಟ್ಟು ಮಾಡುವ ಹಕ್ಕು ನನಗಿರಲಿಲ್ಲ. ಚಹಾಪುಡಿ, ಸಕ್ಕರೆ ಕಟ್ಟಿಕೊಂಡು ನಾನೂ ನನ್ನ ಹೆಂಡತಿಯೂ ಗಲಗಲಿಯ ಬಸ್ ಹಿಡಿದೆವು.

ಕೊಟ್ಟ ಮಾತು ಹಾಗೇ ಉಳಿದಿದೆ. ಆದ್ದರಿಂದ ತಿದ್ದುಪಡಿಯನ್ನು ಇಲ್ಲಿ ಮಾಡುತ್ತಿದ್ದೇನೆ.

ಕಂಡಿಕಿ ಆಯಿಯ ನಿಧನ ವಾರ್ತೆಯಲ್ಲಿ ‘ಅಪಾರ ಬಂಧು ಬಳಗ’ ಎಂದು ಅಚ್ಚಾದದ್ದು ತಪ್ಪು. ಇದ್ದವರು ಇಪ್ಪತ್ತೊಂದು ಜನ. ಅವರಲ್ಲಿ ಬಂಧುಗಳು ಯಾರೂ ಇರಲಿಲ್ಲ. ಎಂಟು ಮಂದಿಗೆ ಅವರ ಹೆಸರು ತಿಳಿದದ್ದು ಅವರು ತೀರಿಕೊಂಡ ಮೇಲೆ.

ಅದಕ್ಕೂ ಹಿಂದೆ ಅವರ ಗಂಡನ ನಿಧನ ವಾರ್ತೆಯಲ್ಲಿ ಅದೇ ತಪ್ಪಾಗಿತ್ತು. ಅದನ್ನು ಬರೆದವನು ನಾನು. ಅಲ್ಲಿ ಇದ್ದದ್ದು ಒಬ್ಬರೇ. ಬಾಗಿಲಲ್ಲಿ ನಿಂತು ಓಣಿ ನೋಡುತ್ತಿದ್ದರು.