ಜೆಟ್ಟಿಗೊಂದು ಗೂಟ

ಎಪ್ಪತ್ತರ ದಶಕದಲ್ಲಿ ಮಲಾಡಿನ ಖಾಡಿ ಎಂಬ ಹಿನ್ನೀರಿನ ಬದಿಯಲ್ಲಿ ದೋಣಿ ನಿಲ್ಲುವ ಸಣ್ಣ ಸರ್ಕಾರಿ ಜೆಟ್ಟಿಯನ್ನು ನಾವು ಚಾಳಿನವರೇ ನೋಡಿಕೊಳ್ಳುತ್ತಿದ್ದೆವು. ಬೇಕಾದ್ದನ್ನು ದಾನಿಗಳಿಂದ ಕೇಳಿ ತರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನಾನು ಕೇಳಿದವರೆಲ್ಲ ತೀರಿಹೋದ ತಮ್ಮ ತಂದೆಯ ಹೆಸರು ಬರೆಸಿ ಬೆಂಚೇ ಕೊಟ್ಟರು. ಹನ್ನೊಂದು ಬೆಂಚಾದವು, ದೋಣಿ ಕಟ್ಟಲು ಮಾತ್ರ ಒಂದು ಗೂಟ ಇರಲಿಲ್ಲ. ಜನ ಇಳಿಯುವವರೆಗೂ ದೋಣಿಯವನು ಹಠಮಾರಿ ಎಮ್ಮೆಯನ್ನು ಹಿಡಿದಂತೆ ಹಗ್ಗ ಜಗ್ಗಿ ನಿಲ್ಲಬೇಕು. ಒಂದು ದಿನ ಹಗ್ಗದ ಜೊತೆ ಅವನೂ ನೀರಿಗೆ ಬಿದ್ದ.

ಹೋಟೆಲಿನ ಶೀನಣ್ಣನ ಹತ್ತಿರ ಓಡಿದೆ. "ತಂದೆಯವರ ಹೆಸರಲ್ಲಿ ಒಂದು ಗೂಟ ಹಾಕಿಸಿ" ಎಂದೆ.

"ಎಂತ ಮಾರಾಯ್ರೆ, ನನ್ನ ಅಪ್ಪನ ಕುತ್ತಿಗೆಗೆ ದಿನಾ ಹಗ್ಗ ಬಿಗಿಯುದಾ?"

ಸೋತು ಮೆಟ್ಟಿಲಿಳಿಯುತ್ತಿದ್ದೆ. ಗಲ್ಲಾದಿಂದಲೇ ಕೂಗಿದರು: "ನಿಲ್ಲಿ! ಹೆಂಡತಿಯ ಅಪ್ಪನ ಹೆಸರು ಬರೀಬಹುದಾ?"

"ನಿಮ್ಮ ಮಾವ ಇನ್ನೂ ಗಟ್ಟಿಮುಟ್ಟಾಗಿದ್ದಾರಲ್ಲ?"

"ಇರ್ಲಿ. ಊರು ಬಿಟ್ಟು ಅವರು ಇಲ್ಲಿಗೆ ಬರುದಿಲ್ಲ."

ಸುದ್ದಿ ಚಾಳಿಗೆಲ್ಲ ಹಬ್ಬಿತು. ಬೇಡ ಬೇಡವೆಂದರೂ ವಾರದೊಳಗೆ ಇನ್ನೂ ಆರು ಗೂಟ ಬಂದವು, ಆರರ ಮೇಲೂ ಮಾವಂದಿರ ಹೆಸರೇ. ನಮ್ಮಲ್ಲಿಗೆ ಬರುತ್ತಿದ್ದುದು ಎರಡೇ ದೋಣಿ.

ಮೊನ್ನೆ ನನ್ನ ಅಳಿಯ ಬಂದು, ಜೆಟ್ಟಿಗೆ ಇನ್ನೊಂದು ಗೂಟ ಬೇಕಾಗಬಹುದೇ ಎಂದು ಬಹಳ ವಿನಯದಿಂದ ಕೇಳಿದ.