ಸಿದ್ದರಾಜುವಿನ ಕೆಂಪು ಕಾರು, ಮೂರು ಚೀಲ ರಾಗಿ

ಬಿಳಿಗೆರೆಯ ಸಿದ್ದರಾಜು ಮೂವತ್ತನಾಲ್ಕು ವರ್ಷ ಸರ್ಕಾರಿ ಬಸ್ಸು ಓಡಿಸಿದ. ಅದರಲ್ಲಿ ಮೂವತ್ತು ವರ್ಷ ನಾನು, ಹುಚ್ಚಯ್ಯ, ಅವನ ಕಂಡಕ್ಟರ್. ಮೊದಲು ನಂಜನಗೂಡು–ತಿ. ನರಸೀಪುರ, ಆಮೇಲೆ ಮೈಸೂರು–ಬೆಂಗಳೂರು. ರೂಟು ಬದಲಾಯಿತು, ಜೋಡಿ ಬದಲಾಗಲಿಲ್ಲ. ಅಷ್ಟು ವರ್ಷದಲ್ಲಿ ಅವನ ಬಸ್ಸಿಗೆ ಸಿಕ್ಕಿ ಸತ್ತದ್ದು ಒಂದು ಕೋಳಿ. ಅದು ತಾನಾಗಿ ಬಂದು ಬಿದ್ದದ್ದು ಎಂಬುದಕ್ಕೆ ನಾನೇ ಸಾಕ್ಷಿ. ಅಪಘಾತ ಮಾಡದ ಚಾಲಕನೆಂದು ಅವನಿಗೆ ಬೆಳ್ಳಿ ಪದಕ ಕೊಟ್ಟರು. ಅದನ್ನು ಅವನ ಹೆಂಡತಿ ಮಂಗಳಮ್ಮ ಅಕ್ಕಿ ಡಬ್ಬದಲ್ಲಿ ಇಟ್ಟಿದ್ದಾಳೆ. ಕಳ್ಳ ಬಂದರೆ ಅಕ್ಕಿಯಲ್ಲಿ ಕೈ ಆಡಿಸುವುದಿಲ್ಲ ಎಂದು ಆಕೆಯ ನಂಬಿಕೆ.

ಸಿದ್ದರಾಜುವಿನ ಮಾತು ಕಡಿಮೆ. ಚಾಲಕರ ಜೊತೆ ಮಾತಾಡಬೇಡಿ ಎಂದು ಬಸ್ಸಿನಲ್ಲಿ ಬರೆದಿರುತ್ತಾರಲ್ಲ, ಅದನ್ನು ಮನೆಯಲ್ಲೂ ಪಾಲಿಸಿದವನು. ಮದುವೆಯಾದ ಹೊಸತರಲ್ಲಿ ಮಂಗಳಮ್ಮ ಒಂದು ಸಲ ತನ್ನ ತವರು ಸೋಮನಾಥಪುರಕ್ಕೆ ಹೋಗಲೆಂದು ನಮ್ಮ ಬಸ್ಸು ಹತ್ತಿ ಅವನ ಹಿಂದಿನ ಸೀಟಿನಲ್ಲೇ ಕೂತಳು. ನರಸೀಪುರ ಮುಟ್ಟುವವರೆಗೂ ಅವನು ಒಂದು ಸಲವೂ ತಿರುಗಿ ನೋಡಲಿಲ್ಲ. ಆಕೆ ಟಿಕೆಟು ತೆಗೆದುಕೊಂಡು, ಇಳಿದು, ಬೇರೆ ಬಸ್ಸು ಹಿಡಿದು ಹೋದಳು. ಆಮೇಲೆ ನಮ್ಮ ಬಸ್ಸು ಹತ್ತಲಿಲ್ಲ.

ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಬಂದವನು ನನ್ನ ಜಗುಲಿಯಲ್ಲಿ ಕೂತು, "ಊರಿನವರನ್ನೆಲ್ಲ ಕೂರಿಸ್ಕಂಡು ಓದೆ ಕಣ್ಲಾ ಉಚ್ಚಯ್ಯ. ಮಂಗ್ಳನ್ನ ಪಕ್ಕದಲ್ಲಿ ಕೂರಿಸ್ಕಂಡು ದೂರ ಒಂದು ಊರಿಗೆ ಓಗಿಲ್ಲ" ಅಂದ. ಇಷ್ಟುದ್ದ ಅವನು ಮಾತಾಡಿದ್ದು ನನಗೆ ನೆನಪಿಲ್ಲ. ಹಾಗಾಗಿ ವಿಷಯ ದೊಡ್ಡದೆಂದು ತಿಳಿದೆ.

ಕಾರು ಸಿಕ್ಕಿದ್ದು ನರಸೀಪುರದಲ್ಲಿ. ಅಲ್ಲಿನ ಕಾಲೇಜಿನಲ್ಲಿ ಪಾಠ ಹೇಳುವ ಮುರಳೀಧರ ಮೇಷ್ಟ್ರು ನಮ್ಮ ಹಳೇ ಪ್ಯಾಸೆಂಜರು. ಅವರದೊಂದು ಕೆಂಪು ಕಾರು ಮಾರಾಟಕ್ಕಿತ್ತು. ಮೋಟು ಬೆನ್ನಿನ ಚಿಕ್ಕ ಗಾಡಿ. ಅಗಲ ಟೈರು, ನೆಲಕ್ಕೆ ಅಂಟಿಕೊಂಡ ಹೊಟ್ಟೆ, ಎರಡು ಹೊಗೆ ಕೊಳವೆ, ಡಿಕ್ಕಿಯ ಮೇಲೆ ಕರೀ ರೆಕ್ಕೆ. ಸೀಟು ಎರಡೂ ಪಕ್ಕೆಯನ್ನು ಅವುಚಿ ಹಿಡಿಯುತ್ತಿತ್ತು.

"ಸಿದ್ದರಾಜು, ಇದು ಸ್ಪೋರ್ಟ್ಸ್ ಗಾಡಿ ಕಣಪ್ಪ. ಎಂಟು ಸೆಕೆಂಡಿಗೆ ನೂರು ಮುಟ್ಟುತ್ತೆ" ಅಂದರು ಮೇಷ್ಟ್ರು.

"ನೂರು ಮುಟ್ಬುಟ್ಟು ಏನ್ ಮಾಡದು ಸಾ?"

ಅದು ಮೇಷ್ಟ್ರಿಗೂ ಗೊತ್ತಿರಲಿಲ್ಲ. ಬಹುಶಃ ಅದಕ್ಕೇ ಮಾರುತ್ತಿದ್ದರು. "ಆ ರೆಕ್ಕೆ ಏತಕ್ಕೆ ಸಾ?" ಎಂದು ನಾನು ಕೇಳಿದೆ. "ಗಾಳಿಗೆ" ಅಂದರು.

ಸಿದ್ದರಾಜು ಒಳಗೆ ಕೂತು ಗೇರು ಹಾಕಿ ನೋಡಿದ. ಎರಡು ಬೆರಳಿಗೆ ಬಿತ್ತು. ಮತ್ತೆ ತೆಗೆದ, ಮತ್ತೆ ಹಾಕಿದ. ಮೂವತ್ತನಾಲ್ಕು ವರ್ಷ ಮೊಳದುದ್ದದ ಗೇರು ಕಡ್ಡಿಯ ಜೊತೆ ಗುದ್ದಾಡಿದ ಮನುಷ್ಯ. ಅಲ್ಲೇ ಕೊಂಡುಕೊಂಡ.

ಮೊದಲ ಪ್ರಯಾಣ ಬೆಂಗಳೂರಿಗೆ, ಒಂದು ಗೃಹಪ್ರವೇಶಕ್ಕೆ. ಮಂಗಳಮ್ಮ ಮುಂದಿನ ಸೀಟಿನಲ್ಲಿ, ನಾನು ಹಿಂದೆ. ಸಿದ್ದರಾಜು ಎಂಜಿನ್ ಹಾಕಿ ಕೂತೇ ಇದ್ದ. ಗಾಡಿ ಹೊರಡಲಿಲ್ಲ. ಆಮೇಲೆ ನನಗೆ ಹೊಳೆಯಿತು. "ರೈಟ್" ಅಂದೆ. ಹೊರಟ.

ಮೈಸೂರು ದಾಟಿ ಎಕ್ಸ್‌ಪ್ರೆಸ್ ಹೈವೇಗೆ ಬಿದ್ದೆವು. ನಾವು ಓಡಿಸುತ್ತಿದ್ದ ಬಸ್ಸಿಗೆ ವೇಗ ಕಟ್ಟಿ ಹಾಕುವ ಡಬ್ಬಿ ಇತ್ತು, ಎಂಬತ್ತು ದಾಟುತ್ತಿರಲಿಲ್ಲ. ಈ ಕಾರಿಗೆ ಆ ಡಬ್ಬಿ ಇಲ್ಲ. ಆದರೆ ಸಿದ್ದರಾಜುವಿನ ಬಲಗಾಲಿಗೆ ಅದು ಅಂಟಿಕೊಂಡು ಬಂದಿತ್ತು. ಮುಳ್ಳು ಎಂಬತ್ತಕ್ಕೆ ಹೋಗಿ ನಿಂತಿತು. ಎಂಜಿನ್ನು ಕಟ್ಟಿದ ನಾಯಿಯ ಹಾಗೆ ಒಳಗೊಳಗೇ ಗುರುಗುಟ್ಟುತ್ತಿತ್ತು. ನಮ್ಮದೇ ಥರದ ಇನ್ನೊಂದು ಕೆಂಪು ಕಾರಿನ ಹುಡುಗರು ಪಕ್ಕಕ್ಕೆ ಬಂದು, ಪಂದ್ಯಕ್ಕೆ ಬಾ ಎನ್ನುವಂತೆ ಹಾರನ್ ಹೊಡೆದರು. ಸಿದ್ದರಾಜು ಕಿಟಕಿಯಿಂದ ಕೈ ಹೊರಗೆ ಹಾಕಿ, ಮುಂದೆ ಹೋಗಿ ಎಂದು ಸೈಡು ಕೊಟ್ಟ. ಹುಡುಗರು ಸ್ವಲ್ಪ ದೂರ ಜೊತೆಯಲ್ಲೇ ಬಂದು ಅವನ ಮುಖ ನೋಡಿ, ಬೇಜಾರಾಗಿ ಹೋದರು.

ಆದರೆ ಗಾಡಿ ಎತ್ತಿ ಎತ್ತಿ ಹಾಕುತ್ತಿತ್ತು. ಸ್ಪ್ರಿಂಗು ಬಿಗಿ, ಟೈರು ಅಗಲವಾದರೂ ರಬ್ಬರು ತೆಳು. ರಸ್ತೆಯಲ್ಲಿ ಬೀಡಿ ತುಂಡು ಬಿದ್ದಿದ್ದರೂ ಬೆನ್ನಿಗೆ ಗೊತ್ತಾಗುತ್ತಿತ್ತು. ಮಂಡ್ಯದ ಹತ್ತಿರ ಬಂದಾಗ ನನ್ನ ಬಾಯಿ ತಡೆಯಲಿಲ್ಲ. "ಮಂಡ್ಯ, ಮಂಡ್ಯ, ಯಾರು ಇಳಿಯೋರು?" ಅಂದುಬಿಟ್ಟೆ.

"ನಾನು ಇಳೀತೀನಿ ಉಚ್ಚಯ್ಯಣ್ಣ" ಅಂದಳು ಮಂಗಳಮ್ಮ. ಆಕೆಗೆ ಮೊದಲೇ ಸೊಂಟದ ನೋವು.

ಬೆಂಗಳೂರಿನವರೆಗೆ ಹೇಗೋ ಬಂದಳು. ವಾಪಸು ಹೋಗುವಾಗ ಮಾತ್ರ ನಮ್ಮ ಜೊತೆ ಬರಲಿಲ್ಲ, ಮೈಸೂರಿನ ಸರ್ಕಾರಿ ಬಸ್ಸು ಹತ್ತಿದಳು. ಸಿದ್ದರಾಜು ಕಾರನ್ನು ಆ ಬಸ್ಸಿನ ಹಿಂದೆ ಹಾಕಿದ. ಬಸ್ಸು ಎಂಬತ್ತು, ನಾವೂ ಎಂಬತ್ತು. ಬಸ್ಸಿನ ಹಿಂದಿನ ಗಾಜಿನಲ್ಲಿ ಮಂಗಳಮ್ಮನ ತಲೆ ಕಾಣುತ್ತಿತ್ತು. ದಾರಿಯುದ್ದಕ್ಕೂ ಅವನು ಹೇಳಿದ್ದು ಒಂದೇ ಮಾತು: "ಈ ನನ್ಮಗ ಬ್ರೇಕು ಲೇಟಾಗಿ ಇಡೀತಾವ್ನೆ."

ಮನೆಗೆ ಬಂದ ಮೇಲೆ ಮಂಗಳಮ್ಮ ತೀರ್ಮಾನ ಹೇಳಿದಳು. ಆಕೆಯ ಅಕ್ಕ ಗುರುಸಿದ್ದಮ್ಮನನ್ನು ದಾವಣಗೆರೆಗೆ ಕೊಟ್ಟಿತ್ತು. ಅಕ್ಕನಿಗೆ ವಯಸ್ಸಾಗಿತ್ತು, ಒಂದು ಸಲ ಬಾ ಎಂದು ಕರೆಯುತ್ತಿದ್ದಳು. "ದಾವಣ್ಗೆರೆಗೆ ಇದ್ರಲ್ಲೇ ಓಗವಾ. ಓಗಿ ಬರೋಗಂಟ ನನ್ನ ಸೊಂಟ ಸರಿಯಾಗಿದ್ರೆ ಗಾಡಿ ಇರ್ಲಿ. ಇಲ್ದಿದ್ರೆ ಆ ಮೇಷ್ಟ್ರಿಗೇ ವಾಪಸ್ ಕೊಟ್ಬುಡಿ. ಇನ್ನು ಕಾರಿನ ಮಾತು ಎತ್ಬಾರ್ದು."

"ಆಯ್ತು" ಅಂದ ಸಿದ್ದರಾಜು. ಒಂದು ಸಲ ಆಯ್ತು ಅಂದರೆ ಅವನು ತಪ್ಪುವವನಲ್ಲ. ಎಂಟು ದಿನ ಕಾರಿನ ಸುತ್ತ ತಿರುಗಿದ. ಒಂಬತ್ತನೇ ದಿನ ಟೀ ಅಂಗಡಿಗೆ ನನ್ನನ್ನು ಕರೆಸಿಕೊಂಡ.

"ಉಚ್ಚಯ್ಯ, ಖಾಲಿ ಬಸ್ಸು ಎಂಗೆ ಓಯ್ತದೆ?"

"ಎತ್ತಾಕ್ತದೆ."

"ತುಂಬಿದ ಬಸ್ಸು?"

"ತೊಟ್ಲು ತೂಗ್ದಂಗೆ ಓಯ್ತದೆ."

"ಮಂಗ್ಳಂಗೆ ಏಳ್ಬೇಡ."

ಬಸ್ಸು ಓಡಿಸದವನಿಗೆ ಈ ಬುದ್ಧಿ ಬರುವುದಿಲ್ಲ. ಅದು ಐದು ಜನರ ಗಾಡಿ, ನಾವು ಮೂವರು. ಉಳಿದ ಭಾರಕ್ಕೆ ಜನ ಹುಡುಕುವ ಬದಲು ಅವನು ರಾಗಿ ಹುಡುಕಿದ. ಗುರುಸಿದ್ದಮ್ಮ ಅಷ್ಟು ವರ್ಷದಿಂದ ಜೋಳದ ರೊಟ್ಟಿ ತಿಂದು ನಮ್ಮ ಕಡೆಯ ಮುದ್ದೆಗೆ ಹಂಬಲಿಸುತ್ತಿದ್ದದ್ದು ನಿಜ. ಒಂದು ಚೀಲ ಸಾಕು ಅಂದಳು ಮಂಗಳಮ್ಮ. "ಮೂರು ಇರ್ಲಿ. ಪಾಪ, ಅಕ್ಕ" ಅಂದ ಸಿದ್ದರಾಜು. ಮಂಗಳಮ್ಮ ಗಂಡನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಅವನ ಬಾಯಲ್ಲಿ ಅಕ್ಕನ ವಿಷಯಕ್ಕೆ ಪಾಪ ಎಂಬ ಮಾತು ಅದುವರೆಗೆ ಬಂದಿರಲಿಲ್ಲ.

ಐವತ್ತು ಕಿಲೋದ ಎರಡು ಚೀಲ ಡಿಕ್ಕಿಗೆ, ಒಂದು ಹಿಂದಿನ ಸೀಟಿನಲ್ಲಿ ನನ್ನ ಪಕ್ಕಕ್ಕೆ. ಬೆಳಿಗ್ಗೆ ಆರಕ್ಕೆ ರೈಟ್ ಅಂದೆ. ಊರಾಚೆಯ ಮೊದಲ ಹಂಪಿನಲ್ಲೇ ಗಾಡಿಯ ಹೊಟ್ಟೆ ಕೂತಿತು. ಮುಂದಿನ ಚಕ್ರ ಆಚೆ, ಹಿಂದಿನದು ಈಚೆ. ಸಿದ್ದರಾಜು ಕನ್ನಡಿಯಲ್ಲಿ ನನ್ನನ್ನು ನೋಡಿದ. ನಾನು ಇಳಿದೆ. ಮಂಗಳಮ್ಮನನ್ನೂ ಇಳಿಸಿದೆ. ಗಾಡಿ ಕೆರೆದುಕೊಂಡು ದಾಟಿತು, ನಾವು ನಡೆದು ದಾಟಿ ಹತ್ತಿದೆವು. ನಂಜನಗೂಡಿನವರೆಗೆ ಪ್ರತಿ ಹಂಪಿನಲ್ಲೂ ಇದೇ ಕ್ರಮ. ಹಾಲಿನ ಕ್ಯಾನು ಕಟ್ಟಿದ ಸೈಕಲ್ಲಿನವನೊಬ್ಬ ನಮ್ಮನ್ನು ಮೂರು ಸಲ ಹಿಂದೆ ಹಾಕಿದ.

"ಓದ್ ಸಲ ಇಳಿಸ್ಲಿಲ್ಲ. ಈ ಸಲ ಯಾಕ್ರೀ ಇಳಿಸ್ತೀರಿ?" ಎಂದು ಕೇಳಿದಳು ಮಂಗಳಮ್ಮ.

"ಗಾಡಿಗೆ ವಯಸ್ಸಾಗದೆ" ಅಂದ.

"ಒಂದು ತಿಂಗ್ಳಲ್ಲಾ?"

ಅವನು ಮುಂದಿನ ಹಂಪಿಗೆ ಗೇರು ಇಳಿಸಿದ.

ದಾವಣಗೆರೆಗೆ ಹತ್ತಿರದ ದಾರಿ ನಾಗಮಂಗಲದ ಮೇಲಿದೆ. ಸಿದ್ದರಾಜು ಬೆಂಗಳೂರಿನ ದಾರಿಯನ್ನೇ ಹಿಡಿದ. ಅದು ಎಷ್ಟೋ ದೂರ ಜಾಸ್ತಿ, ಆದರೆ ಹೈವೇಯಲ್ಲಿ ಹಂಪ್ ಇಲ್ಲ. ಶ್ರೀರಂಗಪಟ್ಟಣ ದಾಟುತ್ತಿದ್ದ ಹಾಗೆ ಗಾಡಿ ಮೆತ್ತಗಾಯಿತು. ಹೊಂಡ ಬಂದರೆ ಒಂದು ಸಲ ತೂಗಿ ಸುಮ್ಮನಾಗುತ್ತಿತ್ತು. ಮಂಗಳಮ್ಮ ಸೀಟಿಗೆ ತಲೆ ಕೊಟ್ಟು ನಿದ್ದೆ ಹೋದಳು. ರಾಮನಗರದಲ್ಲಿ ಎದ್ದು, ಚಕ್ಕುಲಿ ಮುರಿದು ಅವನ ಕೈಗೆ ಕೊಡಹೋದಳು. ಅವನು ಸ್ಟೀರಿಂಗ್ ಬಿಡಲಿಲ್ಲ. ಆಕೆ ಬಾಯಿಗೇ ಇಟ್ಟಳು. ನಾನು ಕಿಟಕಿಯ ಆಚೆ ನೋಡಿದೆ. ಸಂಜೆ ದಾವಣಗೆರೆ ಮುಟ್ಟಿದಾಗ ಆಕೆ ಇಳಿದು ನೆಟ್ಟಗೆ ನಡೆದು ಹೋದದ್ದನ್ನು ಸಿದ್ದರಾಜು ಸೀಟಿನಲ್ಲೇ ಕೂತು ಕೊನೆಯವರೆಗೂ ನೋಡಿದ.

ಎರಡು ದಿನ ಇದ್ದೆವು. ಹೊರಡುವ ಬೆಳಿಗ್ಗೆ ತೊಂದರೆ ಶುರುವಾಯಿತು. ಏನಾದರೂ ತುಂಬಿ ತಂದ ಪಾತ್ರೆಯನ್ನೋ ಚೀಲವನ್ನೋ ಬರಿದಾಗಿ ಹಿಂದಕ್ಕೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಗುರುಸಿದ್ದಮ್ಮ ಪದ್ಧತಿ ಬಿಟ್ಟವಳಲ್ಲ. ಮೂರೂ ರಾಗಿ ಚೀಲವನ್ನು ಕಂಠದವರೆಗೆ ತುಂಬಿಸಿ, ಬಾಯಿ ಹೊಲಿಸಿ, ಬಾಗಿಲಲ್ಲಿ ಸಾಲಾಗಿ ನಿಲ್ಲಿಸಿದ್ದಳು. ಚೀಲ ಕಂಡು ಸಿದ್ದರಾಜುವಿನ ಮುಖ ಅರಳಿತು. ಹೋಗಿ ಸೊಂಟ ಬಗ್ಗಿಸಿ, ಉಸಿರು ಕಟ್ಟಿ, ಒಂದನ್ನು ಎತ್ತಿದ. ಚೀಲ ಅವನ ತಲೆಯ ಮೇಲಕ್ಕೆ ಹಾರಿತು.

ಮಂಡಕ್ಕಿ. ನಾವು ಪುರಿ ಅನ್ನುತ್ತೇವಲ್ಲ, ಅದು. ದಾವಣಗೆರೆಯ ಹೆಸರುವಾಸಿ ಮಂಡಕ್ಕಿ, ಮೂರು ಚೀಲ. ಮೂರೂ ಸೇರಿ ನನ್ನ ಅರ್ಧದಷ್ಟು ತೂಗುತ್ತಿರಲಿಲ್ಲ.

"ಜೋಳ ಇಲ್ವಾ ಅಕ್ಕಾ?" ಎಂದು ಕೇಳಿದ ಸಿದ್ದರಾಜು.

"ಜೋಳ ಯಾಕಪ್ಪ, ಭಾರ! ಅಷ್ಟು ದೂರ ಹೋಗೋ ಗಾಡಿ, ಹಗೂರಿರ್ಲಿ ಅಂತ ನಾನೇ ಯೋಚ್ನೆ ಮಾಡಿ ತುಂಬಿಸಿದೀನಿ" ಅಂದಳು ಗುರುಸಿದ್ದಮ್ಮ.

ಹೊರಟೆವು. ಊರು ದಾಟಿದ್ದೇ ಗಾಡಿ ತನ್ನ ಹಳೇ ಬುದ್ಧಿ ತೋರಿಸಿತು. ಪ್ರತಿ ಸೇತುವೆಯ ಸಂದಿನಲ್ಲೂ ಒಂದು ಗುದ್ದು. ಗುದ್ದಿಗೊಂದು ಸಲ ಮಂಡಕ್ಕಿ ಸರ್ ಎನ್ನುತ್ತಿತ್ತು. ಚಿತ್ರದುರ್ಗ ದಾಟಿದಾಗ ಮಂಗಳಮ್ಮ ಎಡಗೈಯನ್ನು ಸೊಂಟದ ಹಿಂದಕ್ಕೆ ಇಟ್ಟುಕೊಂಡಳು. ಸಿದ್ದರಾಜು ಆ ಕೈಯನ್ನು ನೋಡಿದ. ಎಂಬತ್ತರಿಂದ ಅರವತ್ತಕ್ಕೆ ಇಳಿಸಿದ. ಆಮೇಲೆ ನಲವತ್ತಕ್ಕೆ. ಟ್ರ್ಯಾಕ್ಟರಿನವನೊಬ್ಬ ನಮ್ಮನ್ನು ಬೈದುಕೊಂಡು ಮುಂದೆ ಹೋದ.

ಹಿರಿಯೂರಿಗೆ ಇನ್ನೂ ಸ್ವಲ್ಪ ದೂರವಿರುವಾಗ ಅವನು ಗಾಡಿಯನ್ನು ರಸ್ತೆ ಬಿಟ್ಟು ಕೆಳಗಿಳಿಸಿ, ಬೇವಿನ ಮರದ ಕೆಳಗೆ ನಿಲ್ಲಿಸಿದ. ಎಂಜಿನ್ನು ಆರಿಸಿದ. ಹ್ಯಾಂಡ್ ಬ್ರೇಕು ಎಳೆದ. ಆಮೇಲೆ ಪಕ್ಕಕ್ಕೆ ತಿರುಗಿದ. ಸ್ಟೀರಿಂಗಿನ ಮುಂದೆ ಕೂತು ಅವನು ಪ್ಯಾಸೆಂಜರಿನ ಕಡೆ ತಿರುಗಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಓಗುವಾಗ ಮೆತ್ತಗಿದ್ದದ್ದು ಗಾಡಿ ಅಲ್ಲ ಕಣಮ್ಮಿ. ರಾಗಿ. ಭಾರಕ್ಕೆ ಅಂತ್ಲೇ ಮೂರು ಆಕಿದ್ದೆ. ನಿಂಗೆ ಸುಳ್ಳು ಏಳ್ದೆ. ನಾಳೆ ಮೇಷ್ಟ್ರಿಗೆ ವಾಪಸ್ ಕೊಟ್ಬುಡ್ತೀನಿ."

"ಗೊತ್ತು" ಅಂದಳು ಮಂಗಳಮ್ಮ.

"ಯಾವಾಗಿಂದ?"

"ಎರಡ್ನೇ ಹಂಪಿಂದ. ನಮ್ಮಕ್ಕನ್ನ ಕಂಡ್ರೆ ಮೂರು ಚೀಲದಷ್ಟು ಪ್ರೀತಿ ನಿಮಗೆ ಎಲ್ಲಿಂದ ಬಂದಾತು? ಉಚ್ಚಯ್ಯಣ್ಣನೂ ಸೇರ್ಕಂಡವ್ನೆ ಅಂತ್ಲೂ ಗೊತ್ತು."

ನಾನು ಮಂಡಕ್ಕಿ ಚೀಲದ ಹಿಂದೆ ಇದ್ದೆ. ಅಲ್ಲೇ ಉಳಿದೆ.

"ಗೊತ್ತಿದ್ದೂ ಸುಮ್ಕಿದ್ಯಾ?"

"ನೀವಾಗೇ ಏಳ್ತೀರೋ ಇಲ್ವೋ ನೋಡವಾ ಅಂತ" ಅಂದಳು. ಆಮೇಲೆ ಬಾಗಿಲು ತೆಗೆದು ಇಳಿದು, ಸೊಂಟ ನೀವಿಕೊಂಡು ಸುತ್ತ ನೋಡಿದಳು. ಸ್ವಲ್ಪ ಮುಂದೆ ರಸ್ತೆ ಪಕ್ಕದಲ್ಲಿ ರೈತನೊಬ್ಬ ಈರುಳ್ಳಿ ರಾಶಿ ಹಾಕಿಕೊಂಡು ಕೂತಿದ್ದ. ಮಂಗಳಮ್ಮ ಅಲ್ಲಿಗೆ ನಡೆದಳು. ಒಂದು ಗೆಡ್ಡೆ ಎತ್ತಿ ಒತ್ತಿ ನೋಡಿದಳು, ಮೂಸಿದಳು, ಹಸಿ ಎಂದು ಬೈದಳು, ಚೌಕಾಸಿ ಮಾಡಿದಳು. ಕೊನೆಗೆ ಕೈ ಬೀಸಿ ನಮ್ಮನ್ನು ಕರೆದಳು.

"ಮೂರು ಚೀಲ ಆಕಿಸಿ. ಎರಡು ಡಿಕ್ಕಿಗೆ, ಒಂದು ಅಣ್ಣನ ಪಕ್ಕಕ್ಕೆ."

ಸಿದ್ದರಾಜು ನಿಂತೇ ಇದ್ದ. "ಗಾಡಿ ವಾಪಸ್ ಕೊಡದಲ್ವಾ?"

"ನನ್ನ ಸೊಂಟ ಸರಿಯಾಗಿದ್ರೆ ಗಾಡಿ ಇರ್ಲಿ ಅಂದಿದ್ದೆ. ಭಾರ ಇದ್ರೆ ಸರಿಯಾಗಿರ್ತದೆ ತಾನೇ? ಆಕಿಸಿ ಮತ್ತೆ. ಬಿಸ್ಲು."

ಈರುಳ್ಳಿ ಹಾಕಿದ ಮೇಲೆ ಮಂಡಕ್ಕಿಗೆ ಜಾಗ ಉಳಿಯಲಿಲ್ಲ. ಒಂದು ಚೀಲ ನನ್ನ ತೊಡೆಗೆ ಬಂತು. ಉಳಿದೆರಡನ್ನು ಗಾಡಿಯ ಮೇಲಿಟ್ಟು, ಈರುಳ್ಳಿಯವನು ಕೊಟ್ಟ ಹಗ್ಗವನ್ನು ಮುಂದಿನ ಕಿಟಕಿಗಳ ಒಳಗಿನಿಂದ ತಂದು, ಹಿಂದಿನ ಕರೀ ರೆಕ್ಕೆಗೆ ಬಿಗಿದೆವು. ರೆಕ್ಕೆ ಗಟ್ಟಿಯಾಗಿತ್ತು. ಅದು ಗಾಳಿಗಲ್ಲ, ಹಗ್ಗಕ್ಕೆ ಇರುವುದೆಂದು ಮೇಷ್ಟ್ರಿಗೆ ಹೇಳಬೇಕು ಅಂದುಕೊಂಡೆ.

ಎಲ್ಲರೂ ಹತ್ತಿ ಕೂತೆವು. ಹಿಂಭಾಗ ನೆಲಕ್ಕೆ ಇಳಿದಿತ್ತು. ಸಿದ್ದರಾಜು ಎಂಜಿನ್ ಹಾಕಿ ಕಾಯುತ್ತಿದ್ದ. ನಾನು ತೊಡೆಯ ಮೇಲಿನ ಚೀಲವನ್ನು ಬಾಯಿಂದ ಸರಿಸಿಕೊಳ್ಳುವಷ್ಟರಲ್ಲಿ ಮಂಗಳಮ್ಮ ಸೆರಗು ಸರಿ ಮಾಡಿಕೊಂಡು, ಮುಂದಿನ ರಸ್ತೆಯನ್ನೇ ನೋಡುತ್ತಾ ಹೇಳಿದಳು:

"ರೈಟ್."

ಸಿದ್ದರಾಜು ಕನ್ನಡಿಯಲ್ಲಿ ನನ್ನನ್ನು ನೋಡಿದ. ನಾನು ಚೀಲವನ್ನು ಮತ್ತೆ ಬಾಯಿಗೆ ಅಡ್ಡ ಮಾಡಿಕೊಂಡೆ. ಎರಡು ಬೆರಳಲ್ಲಿ ಗೇರು ಹಾಕಿ ಹೊರಟ.