ಸೋನಾಬಾಯಿ ಕಿವಿಗೊಟ್ಟು ಕೇಳಿದ್ದು

2012ರ ಚಳಿಗಾಲ. ಬಾಣಂತನಕ್ಕೆಂದು ತವರೂರು ಅಂಕಲಿಗೆ ಬಂದಿದ್ದೆ. ಮಗನಿಗೆ ಐದು ವಾರ. ಅವನಿಗೆ ನೀರೆರೆಯಲು ದಿನಾ ಬೆಳಗ್ಗೆ ಸೋನಾಬಾಯಿ ಬರುತ್ತಿದ್ದಳು. ಹಿಂದೆ ನನಗೆ ಎರೆದವಳೂ ಅವಳೇ. ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ ಎಣ್ಣೆ ತಿಕ್ಕುವಾಗ ಅವಳ ಬಾಯಿಗೆ ಬಿಡುವೇ ಇರುತ್ತಿರಲಿಲ್ಲ. ಒಲೆಯ ಹೊಗೆ, ಕೊಬ್ಬರಿಎಣ್ಣೆಯ ಆ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ.

ಅವತ್ತು ಮಾತ್ರ ಥಟ್ಟನೆ ಸುಮ್ಮನಾದಳು. ಕೂಸಿನ ಎದೆಗೆ ಕಿವಿ ಹಚ್ಚಿದಳು.

"ಬಾಯಾರ, ಹೊಟ್ಟಿ ಗುಳುಗುಳು ಎದ್ಯಾಗ ಕೇಳಾಕತ್ತೈತ್ರಿ. ಹೊಟ್ಟಿ ನೋಡಿದ್ರ ಒಳಗ ಹೋಗೇತಿ. ದವಾಖಾನಿಗೆ ತೋರಸ್ರಿ" ಎಂದಳು.

ನಾನು ವಿಜ್ಞಾನದ ಟೀಚರು. ಕರುಳಿನ ಚಿತ್ರ ಬರೆದು ಮಕ್ಕಳಿಗೆ ಕಲಿಸುವವಳಿಗೇ ಇವಳು ಪಾಠ ಹೇಳುವುದೇ ಎಂದು ಸಿಟ್ಟು ನೆತ್ತಿಗೇರಿತು.

"ಕರಳು ಎದ್ಯಾಗ ಇರ್ತಾವೇನ? ಎರಿಯೂದಷ್ಟ ನಿನ್ನ ಕೆಲಸ. ಹಿಂಗ ಅಪಶಕುನ ನುಡಿಯೂದಾದ್ರ ನಾಳಿಂದ ಬರಬ್ಯಾಡ!"

ಅವಳು ಕೂಸನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗಿಟ್ಟು ಹೋದಳು.

ಮರುದಿನ ಅವಳು ಬರಲಿಲ್ಲ, ನಾನೇ ಎರೆಯಲು ಕೂತೆ. ಬಟ್ಟೆ ಬಿಚ್ಚಿದರೆ ಕೂಸು ಏದುಸಿರು ಬಿಡುತ್ತಿತ್ತು, ತುಟಿ ನೀಲಿಯಾಗಿತ್ತು. ಹೆದರಿ ಎದೆಗೆ ಕಿವಿಯಿಟ್ಟೆ. ಗುಳುಗುಳು ಕೇಳಿಸಿತು. ಕೂಸನ್ನೆತ್ತಿಕೊಂಡು ಅಪ್ಪನನ್ನು ಕೂಗಿದೆ.

ಅಪ್ಪ ಯಾರದೋ ಜೀಪು ತಂದ. ಚಿಕ್ಕೋಡಿಯಲ್ಲಿ ಎಕ್ಸ್‌ರೇ ತೆಗೆದ ಡಾಕ್ಟರು ಆಕ್ಸಿಜನ್ ಹಚ್ಚಿ ಆಂಬುಲೆನ್ಸಿನಲ್ಲಿ ಬೆಳಗಾವಿಗೆ ಕಳಿಸಿದರು. ಎದೆಗೂ ಹೊಟ್ಟೆಗೂ ನಡುವಿನ ಪರದೆಯಲ್ಲಿ ಹುಟ್ಟಿನಿಂದಲೇ ತೂತಿದೆ, ಕರುಳು ಅದರೊಳಗಿಂದ ಮೇಲೇರಿ ಶ್ವಾಸಕೋಶವನ್ನು ಒತ್ತುತ್ತಿದೆ ಎಂದರು ಅಲ್ಲಿನ ಸರ್ಜನ್.

"ಇಷ್ಟ ಸಣ್ಣ ಕೂಸಿನ ಎದಿ ಸೀಳ್ತೀರೇನ್ರಿ?" ಎಂದು ನಾನು ಅತ್ತುಬಿಟ್ಟೆ.

"ಇಲ್ರೀ. ಮೂರು ಸಣ್ಣ ತೂತು ಮಾಡಿ, ಕ್ಯಾಮೆರಾದಾಗ ನೋಡ್ಕೋತ ಹೊಲೀತೀವಿ. ಆಗದಿದ್ರಷ್ಟ ಕೊಯ್ಯೂದು" ಎಂದರು.

ಆಪರೇಷನ್ ಕೋಣೆಯ ಬಾಗಿಲ ಹೊರಗೆ ಕೂತಷ್ಟು ಹೊತ್ತೂ ನನ್ನ ಕಿವಿಯಲ್ಲಿ ನನ್ನದೇ ಬೈಗುಳ ಮೊಳಗುತ್ತಿತ್ತು. ಕಡೆಗೂ ಸರ್ಜನ್ ಹೊರಗೆ ಬಂದರು. "ಕರಳು ಜಾಗಾಕ್ಕ ಬಂದ್ವು. ಪಾಸ್ ಆದ ನಿಮ್ಮ ಹುಡುಗ. ಮೊದಲ ಯಾರ ಲಕ್ಷ್ಯಕ್ಕ ಬಂತಿದು?"

"ಎರಿಯಾಕಿಗ್ರಿ" ಎಂದೆ.

ಊರಿಗೆ ಮರಳಿದವಳೇ ಕೂಸನ್ನೆತ್ತಿಕೊಂಡು ಸೋನಾಬಾಯಿಯ ಮನೆಗೆ ಹೋದೆ. ತಪ್ಪಾಯಿತು ಎಂದೆ. ಅದು ಅವಳಿಗೆ ಕೇಳಿಸಿತೋ ಇಲ್ಲವೋ, ಕೂಸಿನ ಅಂಗಿ ಎತ್ತಿ ಗಾಯ ಹುಡುಕತೊಡಗಿದಳು. ಕಂಕುಳ ಕೆಳಗೆ ಜೋಳದ ಕಾಳಿನಷ್ಟು ಮೂರು ಕಲೆ, ಅಷ್ಟೇ. "ಅಗಬಾಯಿ! ಇಷ್ಟ ತೂತಿನಾಗ?" ಎಂದು ಬೆರಗಾದಳು. ಆಮೇಲೆ ಕಾಲು ಚಾಚಿ ಅವನನ್ನು ಮಲಗಿಸಿಕೊಂಡು ಮೊದಲು ಎದೆಗೆ, ನಂತರ ಹೊಟ್ಟೆಗೆ ಕಿವಿ ಹಚ್ಚಿದಳು. ಬಹಳ ಹೊತ್ತು ಕೇಳಿದಳು.

"ಈಗ ಬರೋಬ್ಬರಿ ಐತಿ. ಎರಿಯಾಕ ಡಾಕ್ಟರ್ ಹೂಂ ಅಂದ ದಿನ ನೀರು ಕಾಸಿ ಇಡ್ರಿ ಬಾಯಾರ, ಬರ್ತೀನಿ."

ಸೋನಾಬಾಯಿ ಈಗಿಲ್ಲ. ಮಗ ನನ್ನಷ್ಟೇ ಎತ್ತರ ಬೆಳೆದಿದ್ದಾನೆ. ಪ್ರತಿ ವರ್ಷ ಬೋರ್ಡಿನ ಮೇಲೆ ಕರುಳಿನ ಚಿತ್ರ ಬರೆಯುವಾಗ ಅವಳ ನೆನಪಾಗಿ ನಾಚಿಕೆಯಾಗುತ್ತದೆ. ಯಾವುದಾದರೂ ಹುಡುಗಿ ನಡುವೆ ಕೈ ಎತ್ತಿದರೆ, ಸೀಮೆಸುಣ್ಣ ಕೆಳಗಿಟ್ಟು ಅವಳು ಹೇಳುವುದನ್ನು ಪೂರ್ತಿ ಕೇಳುತ್ತೇನೆ.